ಹದಿನಾರು ಕಡೆ ಮಾತಾಡಬೇಕು

2023ರ ಅಕ್ಟೋಬರ್ 25ರ ಆ ಫುಟ್‌ಬಾಲ್ ಪಂದ್ಯ ನಮ್ಮಲ್ಲಿ ಶುರುವಾಗುವ ಹೊತ್ತಿಗೆ ರಾತ್ರಿ ಹನ್ನೆರಡೂವರೆ. ಹೆಂಡತಿ, ಮಗು ಮಲಗಿದ್ದರು. ಹಾಲ್‌ನ ದೀಪ ಆರಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದೆ. ಇಂಗ್ಲೆಂಡ್‌ನ ನ್ಯೂಕ್ಯಾಸಲ್‌ನಲ್ಲಿ ಮಳೆ ಸುರಿಯುತ್ತಿತ್ತು. ಎದುರಾಳಿ ಡಾರ್ಟ್‌ಮುಂಡ್, ಚಾಂಪಿಯನ್ಸ್ ಲೀಗ್. ಎರಡನೇ ಅರ್ಧದಲ್ಲಿ ನ್ಯೂಕ್ಯಾಸಲ್ ತಂಡದ ಇಟಲಿಯ ಹುಡುಗ ಸಾಂಡ್ರೋ ಟೊನಾಲಿ ಬದಲಿ ಆಟಗಾರನಾಗಿ ಒಳಗೆ ಬಂದ. ಸೇಂಟ್ ಜೇಮ್ಸ್ ಪಾರ್ಕ್ ತುಂಬಾ ಚಪ್ಪಾಳೆ. ಅವನಿಗಾಗ 23 ವರ್ಷ. ಬೆಟ್ಟಿಂಗ್ ಮಾಡಿ ಸಿಕ್ಕಿಬಿದ್ದಿದ್ದಾನೆ, ನಿಷೇಧ ಇವತ್ತೋ ನಾಳೆಯೋ ಬರುತ್ತದೆ ಎಂದು ಆ ಮಳೆಯಲ್ಲಿ ನೆನೆಯುತ್ತಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ತಂಡ 1-0 ಅಂತರದಲ್ಲಿ ಸೋತಿತು. ಮರುದಿನವೇ ಇಟಲಿಯ ಫುಟ್‌ಬಾಲ್ ಒಕ್ಕೂಟದ ತೀರ್ಮಾನ ಹೊರಬಿತ್ತು: 18 ತಿಂಗಳ ಶಿಕ್ಷೆ. ಅದರಲ್ಲಿ 10 ತಿಂಗಳು ಮೈದಾನಕ್ಕೆ ಇಳಿಯುವ ಹಾಗಿಲ್ಲ. ಉಳಿದ 8 ತಿಂಗಳ ಬದಲು ಚಿಕಿತ್ಸೆ ತೆಗೆದುಕೊಳ್ಳಬೇಕು, ಮತ್ತು 16 ಕಡೆ ಜನರ ಮುಂದೆ ನಿಂತು ಮಾತಾಡಬೇಕು.

ಆ ಚಪ್ಪಾಳೆ ಕೇಳಿ ನನಗೆ ಮೊದಲು ಬಂದದ್ದು ಸಿಟ್ಟು. ತನ್ನದೇ ತಂಡದ ಪಂದ್ಯದ ಮೇಲೆ ದುಡ್ಡು ಕಟ್ಟಿದವನಿಗೆ ಚಪ್ಪಾಳೆ ಯಾಕೆ? ಫೋನ್ ಪಕ್ಕಕ್ಕಿಟ್ಟು ಬಹಳ ಹೊತ್ತು ಕತ್ತಲಲ್ಲೇ ಕೂತಿದ್ದೆ. ಸಿಟ್ಟು ಟೊನಾಲಿಯ ಮೇಲೆ ಬಂದದ್ದಲ್ಲವೆಂದು ತಿಳಿಯುವುದಕ್ಕೆ ಸ್ವಲ್ಪ ಸಮಯ ಬೇಕಾಯಿತು. ನನ್ನ ಚಿಕ್ಕಪ್ಪನ ಮಗನೂ ಸಿಕ್ಕಿಬಿದ್ದಾಗ ಅವನಿಗೆ 23 ವರ್ಷ. ಅವನಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ತಟ್ಟಬೇಕಿತ್ತು ಅಂತಲ್ಲ. ಆದರೆ ಅವನ ಕಡೆ ಮುಖ ಎತ್ತಿ ನೋಡಿದವರು ಕೂಡ ಇರಲಿಲ್ಲ, ನಾನೂ ಸೇರಿ.

ಲೋದಿಯ ಹುಡುಗ

ಟೊನಾಲಿಯ ಆಟ ನಾನು ಹಿಂಬಾಲಿಸಲು ಶುರುಮಾಡಿದ್ದು ಅವನು ಬ್ರೆಷಾದಲ್ಲಿದ್ದಾಗ. ಉದ್ದ ಕೂದಲು, ಬ್ರೆಷಾ ಕ್ಲಬ್, ಮೈದಾನದ ನಡುವೆ ನಿಂತು ಉದ್ದ ಪಾಸ್ ಹಾಕುವ ಹುಡುಗ ಅಂದಮೇಲೆ ಇಟಲಿಯವರು ಅವನನ್ನು ತಮ್ಮ ಹೆಸರಾಂತ ಮಿಡ್‌ಫೀಲ್ಡರ್ ಪಿರ್ಲೋ ಜೊತೆ ಹೋಲಿಸದೆ ಬಿಡುತ್ತಾರೆಯೇ? ಪಿರ್ಲೋ ಬೆಳೆದದ್ದೂ ಬ್ರೆಷಾದಲ್ಲೇ. ಆದರೆ ಈ ಹುಡುಗನ ಮನಸ್ಸಿನಲ್ಲಿದ್ದದ್ದು ಗಟ್ಟೂಸೊ. ಚೆಂಡು ಕಳೆದುಕೊಂಡರೆ ಅದನ್ನು ಕಿತ್ತುಕೊಳ್ಳುವವರೆಗೆ ಬೆನ್ನು ಬಿಡದವನು ಗಟ್ಟೂಸೊ. ನಾಲ್ಕು ಪಂದ್ಯ ನೋಡಿದರೆ ಸಾಕು, ಇವನ ಮೈಯಲ್ಲಿರುವುದು ಅದೇ ಹಟ ಅಂತ ಗೊತ್ತಾಗುತ್ತದೆ. ಹುಟ್ಟಿದ್ದು 2000ದ ಮೇ 8ರಂದು, ಮಿಲಾನ್‌ಗೆ ಹತ್ತಿರದ ಲೋದಿಯಲ್ಲಿ. ಚಿಕ್ಕಂದಿನಿಂದ ಎಸಿ ಮಿಲಾನ್ ಅಂದರೆ ಪ್ರಾಣ. ಪಿಯಾಚೆಂಜಾದ ಕಿರಿಯರ ತಂಡದಲ್ಲಿದ್ದಾಗ ಆ ಕ್ಲಬ್ 2012ರಲ್ಲಿ ದಿವಾಳಿಯಾಯಿತು, ಹುಡುಗ ಬ್ರೆಷಾ ಸೇರಿದ. 2017ರಲ್ಲಿ, 17ನೇ ವಯಸ್ಸಿಗೇ ಎರಡನೇ ದರ್ಜೆಯ ಲೀಗ್‌ನಲ್ಲಿ ಆಡಿದ. 2019ರಲ್ಲಿ ಆ ಲೀಗ್ ಗೆದ್ದು ಬ್ರೆಷಾ ಮೇಲಕ್ಕೆ ಬಂದಿತು, ಅದೇ ವರ್ಷ ಅವನು ಇಟಲಿಯ ಅಂಗಿಯನ್ನೂ ತೊಟ್ಟ. 2020ರಲ್ಲಿ ಮಿಲಾನ್ ಕರೆಯಿತು. ಗಟ್ಟೂಸೊ ತೊಡುತ್ತಿದ್ದ 8ನೇ ನಂಬರ್ ಅಂಗಿಯೇ ಅವನಿಗೆ ಸಿಕ್ಕಿತು. ಮೊದಲ ವರ್ಷ ಚೆನ್ನಾಗಿ ಹೋಗಲಿಲ್ಲ. ಮಿಲಾನ್‌ನಲ್ಲೇ ಉಳಿಯಬೇಕೆಂದು ಸಂಬಳ ಕಡಿಮೆ ಮಾಡಿಕೊಂಡ ಅನ್ನುವ ಸುದ್ದಿ ಓದಿದ ದಿನ ನಾನು ಅವನ ಕಡೆಯವನಾದೆ.

2022ರ ವಸಂತದ ಎರಡು ಸಂಜೆಗಳನ್ನು ನಾನು ಮರೆಯಲಾರೆ. ಏಪ್ರಿಲ್ 24, ರೋಮ್‌ನ ಒಲಿಂಪಿಕೊ. ಲಾಜಿಯೊ ವಿರುದ್ಧ 1-1. ಇಂಜುರಿ ಟೈಮ್. ಇಬ್ರಾಹಿಮೊವಿಚ್ ತಲೆಯಿಂದ ಚೆಂಡನ್ನು ಕೆಳಗಿಳಿಸಿದ, ಟೊನಾಲಿ ಗೋಲಿನ ಬಾಯಲ್ಲಿ ನುಗ್ಗಿ ಒಳಗೆ ತಳ್ಳಿದ. ಚೆಂದದ ಗೋಲೇನೂ ಅಲ್ಲ ಅದು. ಅಲ್ಲಿಗೆ ಓಡಬೇಕು ಅಂತ ಅನ್ನಿಸಿದವನಿಗೆ ಮಾತ್ರ ಸಿಗುವ ಗೋಲು. ಎರಡು ವಾರದ ಮೇಲೆ, ಮೇ 8ರಂದು, ತನ್ನ 22ನೇ ಹುಟ್ಟುಹಬ್ಬದ ದಿನ ವೆರೋನಾದಲ್ಲಿ ಎರಡು ಗೋಲು. ಒಂದು ಗೋಲು ಹಿಂದಿದ್ದ ಮಿಲಾನ್ 3-1ರಿಂದ ಗೆದ್ದಿತು. ಆ ತಿಂಗಳ ಕೊನೆಗೆ, 11 ವರ್ಷಗಳ ನಂತರ, ಮಿಲಾನ್ ಇಟಲಿಯ ಚಾಂಪಿಯನ್. ಹುಡುಗ ಚಿಕ್ಕಂದಿನಲ್ಲಿ ಯಾವ ತಂಡಕ್ಕಾಗಿ ಕೂಗಿದ್ದನೋ ಅದೇ ತಂಡಕ್ಕೆ ಕಿರೀಟ ತಂದುಕೊಟ್ಟ.

ಆಮೇಲೆ ಗೊತ್ತಾದದ್ದು ಇದು: ಮಿಲಾನ್‌ನಲ್ಲಿ ಆಡುವಾಗ ಅವನು ಮಿಲಾನ್ ಗೆಲ್ಲುತ್ತದೆ ಎಂದು ದುಡ್ಡು ಕಟ್ಟುತ್ತಿದ್ದ. ಯಾವ ಯಾವ ಪಂದ್ಯ ಎಂದು ನಾನು ಹುಡುಕಲು ಹೋಗಲಿಲ್ಲ. ಸೋಲಲೆಂದು ಕಟ್ಟಲಿಲ್ಲ, ಆಟವನ್ನು ಮಾರಲಿಲ್ಲ, ಅದು ದೊಡ್ಡ ವ್ಯತ್ಯಾಸ ನಿಜ. ಆದರೂ ರೋಮ್‌ನ ಆ ಗೋಲಿನ ವಿಡಿಯೊ ಈಗ ನೋಡಿದರೆ, ಅವನು ಕೈಚಾಚಿ ಓಡುವಾಗ, ನನ್ನ ಎದೆಯಲ್ಲಿ ಸಣ್ಣದೊಂದು ಮುಳ್ಳು ಆಡುತ್ತದೆ. ಆ ಖುಷಿ ಪೂರ್ತಿ ಅವನದೇ ಆಗಿತ್ತೇ? ನೋಡುವವನಿಗೆ ಈ ಅನುಮಾನ ಬಂದದ್ದೇ ಅವನು ಮಾಡಿದ ತಪ್ಪಿನ ತೂಕ. ಅದನ್ನು ಹಗುರ ಮಾಡುವ ಮನಸ್ಸು ನನಗಿಲ್ಲ.

ಅಟ್ಟ ಖಾಲಿಯಾದ ಬೇಸಿಗೆ

ನಾವು ತಿಪಟೂರು ಕಡೆಯವರು. ನಮ್ಮಲ್ಲಿ ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಆಮೇಲೆ ಸುಲಿದು, ಒಡೆದು, ಮೂಟೆ ಕಟ್ಟಿ ಮಂಡಿಗೆ. ಮನೆಯ ಮದುವೆ, ಕಾಲೇಜು ಫೀಸು, ಬೋರ್‌ವೆಲ್ ಎಲ್ಲ ಆ ಅಟ್ಟದ ಮೇಲೆಯೇ ಕೂತಿರುತ್ತವೆ. 2019ರ ಬೇಸಿಗೆಯಲ್ಲಿ ಚಿಕ್ಕಪ್ಪನ ಮನೆಯ ಅಟ್ಟದ ಕೊಬ್ಬರಿಯಷ್ಟೂ ಮಂಡಿಗೆ ಹೋಯಿತು, ದುಡ್ಡು ಮನೆಗೆ ಬರಲಿಲ್ಲ. ಮೂಟೆ ತೆಗೆದುಕೊಂಡು ಹೋದವನು ತಮ್ಮ. ಅವನ ಹೆಸರು ಇಲ್ಲಿ ಬೇಡ, ತಮ್ಮ ಅಂತಲೇ ಬರೆಯುತ್ತೇನೆ.

ಐಪಿಎಲ್ ನಡೆಯುತ್ತಿತ್ತು. ಯಾರೋ ವಾಟ್ಸಾಪ್‌ನಲ್ಲಿ ಬೆಟ್ ಕಟ್ಟುವ 'ಐಡಿ' ಕೊಟ್ಟಿದ್ದರು. ಮೊದಲು ಪಂದ್ಯಕ್ಕೆ ಕಟ್ಟುತ್ತಿದ್ದವನು ಓವರಿಗೆ ಕಟ್ಟಲು ಶುರುಮಾಡಿದ. ಸೋತದ್ದನ್ನು ತೀರಿಸಲು ಮೀಟರ್ ಬಡ್ಡಿಗೆ ಸಾಲ, ಅದನ್ನು ತೀರಿಸಲು ಚಿಕ್ಕಮ್ಮನ ಎರಡೆಳೆ ಸರ ಅಡವಿಗೆ, ಸರ ಬಿಡಿಸಲು ಕೊಬ್ಬರಿ. ಸಾಲ ಕೊಟ್ಟವರು ಮನೆ ಬಾಗಿಲಿಗೆ ಬೈಕಿನಲ್ಲಿ ಬಂದು ನಿಂತ ಮೇಲೆ ವಿಷಯ ಹೊರಗೆ ಬಂತು.

ಆ ಭಾನುವಾರ ಎಲ್ಲರೂ ಊರಿಗೆ ಹೋಗಿದ್ದೆವು. ನಡುಮನೆಯಲ್ಲಿ ಗಂಡಸರು ಚಾಪೆಯ ಮೇಲೆ, ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ. ತಮ್ಮ ಕಂಬಕ್ಕೆ ಒರಗಿ ನೆಲ ನೋಡುತ್ತಾ ಕೂತಿದ್ದ. ನಮ್ಮಪ್ಪ ಅವನಿಗೆ ದೊಡ್ಡಪ್ಪ, ಮನೆಗೆ ಹಿರಿಯರು. 'ಎಷ್ಟಾಯ್ತು?' ಅಂದರು. ಅವನು ಹೇಳಿದ. 'ಇನ್ನೂ ಇದೆಯಾ?' ಇಲ್ಲ ಅಂದ. ಇನ್ನೂ ಇತ್ತು ಅಂತ ನಮಗೆ ಗೊತ್ತಾದದ್ದು ಮುಂದಿನ ತಿಂಗಳು. 'ಮಾನ ಮರ್ಯಾದೆ ತೆಗೆದೆ ಕಣೋ' ಎಂದು ಚಿಕ್ಕಪ್ಪ ಹೇಳಿದ್ದು ಒಂದೇ ಮಾತು, ಆಮೇಲೆ ಎದ್ದು ಹಿತ್ತಲಿಗೆ ಹೋದರು. ಮಂಜುನಾಥ ಸ್ವಾಮಿಯ ಮೇಲೆ ಆಣೆ ಇಡಿಸಿದರು. ಮುಂದಿನ ವಾರವೇ ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿ ಮುಡಿ ಕೊಡಿಸಿಕೊಂಡು ಬಂದರು. ತೋಟದ ಒಂದು ತುಂಡು ಮಾರಿ ಸಾಲ ತೀರಿಸಿದರು. ಇನ್ನು ಈ ವಿಷಯ ಯಾರೂ ಎತ್ತಕೂಡದು ಎಂದು ಅಪ್ಪ ಹೇಳಿದರು, ಪ್ರೀತಿಯಿಂದಲೇ ಹೇಳಿದರು. ಹುಡುಗನಿಗೆ ನೋವಾಗಬಾರದು, ಹೊರಗೆ ಗೊತ್ತಾದರೆ ನಾಳೆ ಹೆಣ್ಣು ಕೊಡುವವರಿಲ್ಲ.

ಯಾರೂ ಎತ್ತಲಿಲ್ಲ. ಆ ಮೂರು ಗಂಟೆಯಲ್ಲಿ ತಮ್ಮ ಆಡಿದ್ದು ಒಂದು ಮೊತ್ತ, ಒಂದು 'ಇಲ್ಲ', ಒಂದು ಆಣೆ. ಯಾವಾಗ ಶುರುವಾಯಿತು, ರಾತ್ರಿ ಏನಾಗುತ್ತಿತ್ತು, ಬಿಡಬೇಕು ಅನ್ನಿಸಿದಾಗ ಯಾಕೆ ಆಗಲಿಲ್ಲ ಎಂದು ಕೇಳಿದವರಿಲ್ಲ. ನಾನು ಎಂಜಿನಿಯರಿಂಗ್ ಓದಿದವನು, ಬೆಂಗಳೂರಿನಲ್ಲಿ ಕೆಲಸ ಮಾಡುವವನು. ನಾಲ್ಕು ಪುಸ್ತಕ ಓದಿದ್ದೇನೆಂಬ ನಂಬಿಕೆ ಇದ್ದವನು. ನಾನೂ ಕೇಳಲಿಲ್ಲ.

ಎರಡನೇ ಸಲದ ಜೂಜು

ಮೊದಲ ಜೂಜಿನಲ್ಲಿ ಧರ್ಮರಾಯ ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲವನ್ನೂ ಸೋಲುತ್ತಾನೆ. ಧೃತರಾಷ್ಟ್ರ ಎಲ್ಲವನ್ನೂ ಹಿಂದಿರುಗಿಸಿ ಕಳುಹಿಸಿಕೊಡುತ್ತಾನೆ. ಇನ್ನೂ ದಾರಿಯಲ್ಲಿರುವಾಗಲೇ ಮತ್ತೆ ಕರೆ ಬರುತ್ತದೆ, ಅವನು ಮತ್ತೆ ಹೋಗಿ ಕೂರುತ್ತಾನೆ. ಚಿಕ್ಕಂದಿನಲ್ಲಿ ಯಕ್ಷಗಾನದಲ್ಲಿ, ನಾಟಕದಲ್ಲಿ ಇದನ್ನು ನೋಡುವಾಗ ನನಗೆ ತಡೆಯಲಾರದ ಸಿಟ್ಟು ಬರುತ್ತಿತ್ತು. ಮೊದಲ ಸಲ ಮೋಸವೆನ್ನೋಣ. ಎರಡನೇ ಸಲ ಯಾಕೆ ಹೋದ? ಧರ್ಮ ಅಂದರು, ಕ್ಷತ್ರಿಯನಿಗೆ ಕರೆ ಬಂದರೆ ಹೋಗಲೇಬೇಕು ಅಂದರು. ನನಗೆ ಯಾವ ಉತ್ತರವೂ ಸಾಲುತ್ತಿರಲಿಲ್ಲ.

ತಮ್ಮ ಆಣೆ ಇಟ್ಟ ಎರಡು ತಿಂಗಳಿಗೇ ವಿಶ್ವಕಪ್. ಜುಲೈ 9ಕ್ಕೆ ಶುರುವಾದ ಸೆಮಿಫೈನಲ್ ಮಳೆಯಿಂದಾಗಿ 10ಕ್ಕೆ ಮುಗಿಯಿತು. ನ್ಯೂಜಿಲೆಂಡ್ ವಿರುದ್ಧ ನಾವು 18 ರನ್‌ಗಳಿಂದ ಸೋತೆವು. ದೇಶವೆಲ್ಲ ಧೋನಿ ರನೌಟ್ ಆದದ್ದನ್ನು ಮಾತಾಡುತ್ತಿತ್ತು. ನಮ್ಮ ಮನೆಯಲ್ಲಿ ತಮ್ಮನ ಫೋನ್ ಸ್ವಿಚ್ ಆಫ್ ಆಗಿತ್ತು. ಹನ್ನೊಂದು ದಿನ. ಕೆರೆ, ಬಾವಿ, ರೈಲ್ವೆ ಹಳಿ ಅಂತ ಚಿಕ್ಕಪ್ಪ ಹುಡುಕಿದ್ದನ್ನು ಬರೆಯಲು ನನ್ನಿಂದ ಆಗುವುದಿಲ್ಲ. ಕೊನೆಗೆ ಪೀಣ್ಯದಲ್ಲಿ ಸಿಕ್ಕಿದ, ಒಂದು ಪ್ಯಾಕಿಂಗ್ ಘಟಕದಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದ. ಊರಲ್ಲಿ ಎಲ್ಲರಿಗೂ 'ಬೆಂಗಳೂರಲ್ಲಿ ಕೆಲಸ ಸಿಕ್ತು' ಎಂದು ಹೇಳಿದೆವು. ಈಗ ಆಣೆ ಮುರಿದ ಪಾಪವೂ ಅವನ ತಲೆಯ ಮೇಲೆ. ಅಲ್ಲಿಂದ ಮುಂದೆ ಮದುವೆಗಳಿಗೆ ಬರುವುದನ್ನು ಬಿಟ್ಟ.

ಟೊನಾಲಿಯ ಎರಡನೇ ಜೂಜು 2024ರಲ್ಲಿ ಬಯಲಾಯಿತು. 2023ರ ಜುಲೈನಲ್ಲಿ ಸುಮಾರು 7 ಕೋಟಿ ಯೂರೋಗೆ ಅವನು ನ್ಯೂಕ್ಯಾಸಲ್ ಸೇರಿದ್ದ. ಇಟಲಿಯ ಯಾವ ಆಟಗಾರನಿಗೂ ಅಷ್ಟು ಬೆಲೆ ಬಂದಿರಲಿಲ್ಲ. ಆಗಸ್ಟ್ 12, ಮೊದಲ ಪಂದ್ಯ, ಆಸ್ಟನ್ ವಿಲ್ಲಾ ವಿರುದ್ಧ ಆರಂಭದಲ್ಲೇ ಗೋಲು. ತಂಡ 5-1ರಿಂದ ಗೆದ್ದಿತು. ಹೊಸ ಊರು ಒಂದೇ ಸಂಜೆಯಲ್ಲಿ ಅವನನ್ನು ತನ್ನವನನ್ನಾಗಿ ಮಾಡಿಕೊಂಡಿತು. ಇಂಗ್ಲೆಂಡ್‌ನ ಫುಟ್‌ಬಾಲ್ ಸಂಸ್ಥೆ ಆಮೇಲೆ ಹೊರಿಸಿದ ಆರೋಪದಲ್ಲಿದ್ದದ್ದು 50 ಬೆಟ್‌ಗಳು, ಆಗಸ್ಟ್ 12ರಿಂದ ಅಕ್ಟೋಬರ್ 12ರವರೆಗೆ. ಆಗಸ್ಟ್ 12 ಎಂದು ಓದಿ ಹಾಗೇ ನಿಂತುಬಿಟ್ಟೆ. ಜೀವನದ ಅತ್ಯಂತ ಒಳ್ಳೆಯ ದಿನಗಳಲ್ಲಿ ಒಂದು ಅಂದುಕೊಂಡಿದ್ದ ತಾರೀಕು ಅದು. ಅಕ್ಟೋಬರ್ 12 ಅಂದರೆ ಇಟಲಿ ತಂಡದ ಕೊವೆರ್ಚಾನೊ ಶಿಬಿರಕ್ಕೆ ಪೊಲೀಸರು ಬಂದ ದಿನ. ಪೊಲೀಸರು ಬಾಗಿಲಿಗೆ ಬರುವವರೆಗೂ ನಿಲ್ಲಿಸಲು ಆಗಿರಲಿಲ್ಲ ಅವನಿಗೆ. ಸಂಬಳ, ಕೀರ್ತಿ, ಹೊಸ ದೇಶ, ಎದುರಿಗೆ 50 ಸಾವಿರ ಜನರ ಕೂಗು ಇಷ್ಟೆಲ್ಲ ಇದ್ದೂ ಆಗಲಿಲ್ಲ. ಪೀಣ್ಯದ ರೂಮಿನಲ್ಲಿ ತಿಂಗಳಿಗೆ ಹದಿಮೂರು ಸಾವಿರಕ್ಕೆ ದುಡಿಯುತ್ತಿದ್ದ ತಮ್ಮನಿಗೆ ಏನೂ ಇರಲಿಲ್ಲ, ಅವನಿಗೂ ಆಗಲಿಲ್ಲ. ದುಡ್ಡಿನ ಆಸೆ ಅಂತ ನಾವು ನಡುಮನೆಯಲ್ಲಿ ಕೂತು ತೀರ್ಮಾನಿಸಿದ್ದೆವಲ್ಲ, ಆ ಲೆಕ್ಕ ಅಲ್ಲಿಗೆ ತಪ್ಪಿತು.

ಈ 50 ಬೆಟ್‌ಗಳ ವಿಷಯ ಹೊರಬಂದದ್ದು ಅವನೇ ಹೇಳಿದ್ದರಿಂದ. ಆ ಕಾರಣಕ್ಕೇ 2024ರ ಮೇನಲ್ಲಿ ಕೊಟ್ಟ ಎರಡು ತಿಂಗಳ ನಿಷೇಧವನ್ನು ಅಮಾನತಿನಲ್ಲಿಟ್ಟರು. ಮತ್ತೆ ತಪ್ಪಿದರೆ ಮಾತ್ರ ಜಾರಿ. ಇಟಲಿಯ ನಿಯಮದಲ್ಲಿ ಫುಟ್‌ಬಾಲ್ ಮೇಲೆ ಬೆಟ್ ಕಟ್ಟಿದ ಆಟಗಾರನಿಗೆ ಕನಿಷ್ಠ 3 ವರ್ಷ ನಿಷೇಧ. ಬಾಯಿಬಿಟ್ಟು ಎಲ್ಲವನ್ನೂ ಹೇಳಿದವನಿಗೆ ಅದು ಕಡಿಮೆಯಾಗುತ್ತದೆ. ಆಗ ಯುವೆಂಟಸ್‌ನಲ್ಲಿದ್ದ ಇನ್ನೊಬ್ಬ ಇಟಲಿಯ ಮಿಡ್‌ಫೀಲ್ಡರ್ ನಿಕೊಲೊ ಫಾಜೋಲಿಗೂ ಹೀಗೇ ಆಯಿತು. 7 ತಿಂಗಳು ಹೊರಗೆ, 5 ತಿಂಗಳ ಬದಲು ಚಿಕಿತ್ಸೆ ಮತ್ತು ಮಾತು. ಆ ಎರಡೂ ಆದೇಶಗಳಲ್ಲಿ ಹೇಳಿಕೊಳ್ಳುವುದನ್ನು ಶಿಕ್ಷೆಯ ಭಾಗವಾಗಿ ಮಾಡಿದ್ದಾರೆ. ನಮ್ಮ ಮನೆಯಲ್ಲಿ ಹೇಳದೆ ಇರುವುದನ್ನು ಮಾಡಿದ್ದೆವು.

ಇಟಲಿಯವರ ಒಂದು ಪದ

ಆ ದಿನಗಳಲ್ಲಿ ಇಟಲಿಯ ಪತ್ರಿಕೆಗಳಲ್ಲಿ ಒಂದೇ ಪದ ಮತ್ತೆ ಮತ್ತೆ ಕಾಣುತ್ತಿತ್ತು: ಲುಡೊಪತೀಯಾ. ಲ್ಯಾಟಿನ್‌ನ 'ಲುಡುಸ್' ಅಂದರೆ ಆಟ, ಗ್ರೀಕಿನ 'ಪಾಥೋಸ್' ಅಂದರೆ ನೋವು, ಬೇನೆ. ಆಟದ ಬೇನೆ. ಟೊನಾಲಿಯ ಏಜೆಂಟ್ ಎಲ್ಲರ ಮುಂದೆಯೇ ಅವನಿಗೆ ಈ ಕಾಯಿಲೆ ಇದೆ ಎಂದು ಹೇಳಿದರು. ನಮ್ಮಲ್ಲಿ ಜೂಜುಕೋರ ಇದ್ದಾನೆ, ಚಟಗಾರ ಇದ್ದಾನೆ. ಎರಡೂ ಮನುಷ್ಯನಿಗೆ ಅಂಟಿಸುವ ಹೆಸರು. ಗೀಳು ಅನ್ನುವ ಪದ ಸ್ವಲ್ಪ ಹತ್ತಿರ ಬರುತ್ತದೆ, ಗೀಳು ಹಿಡಿಯುತ್ತದೆ, ಬಿಡಿಸಬಹುದು. ವೈದ್ಯರ ಲೋಕ ಇದನ್ನು ಒಪ್ಪಿ ಬಹಳ ಕಾಲವಾಯಿತು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲೇ ಜೂಜಿನ ಗೀಳನ್ನು ಮದ್ಯ, ಮಾದಕವಸ್ತುಗಳ ವ್ಯಸನದ ಸಾಲಿಗೆ ಸೇರಿಸಿತು. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಬೆಂಗಳೂರಿನ ನಮ್ಮ ಮನೆಯಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದು ಗಂಟೆ. ತಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು 2023ರ ನವೆಂಬರ್‌ನಲ್ಲಿ, ಆ ಮಳೆಯ ಪಂದ್ಯ ನೋಡಿದ ಎರಡು ವಾರದ ಮೇಲೆ. ನಾಲ್ಕು ವರ್ಷ ತಡವಾಗಿ.

ಟೊನಾಲಿಯನ್ನು ಕ್ಲಬ್ ಕೈಬಿಡಲಿಲ್ಲವೆಂದು ಹೇಳುವಾಗ ಒಂದು ಮಾತು ಸೇರಿಸಲೇಬೇಕು. 7 ಕೋಟಿ ಯೂರೋ ಕೊಟ್ಟು ತಂದ ಆಟಗಾರನನ್ನು ಯಾವ ಕ್ಲಬ್ ಬಿಟ್ಟೀತು? ಅದೇ ಕ್ಲಬ್ಬಿನ ಅಂಗಿಯ ಎದೆಯ ಮೇಲೆ 2017ರಿಂದ 2023ರವರೆಗೆ ಇದ್ದದ್ದು ಬೆಟ್ಟಿಂಗ್ ಕಂಪನಿಯೊಂದರ ಹೆಸರು. ನಮ್ಮ ಕ್ರಿಕೆಟ್ ತಂಡದ ಎದೆಯ ಮೇಲೂ 2023ರಿಂದ 2025ರ ಆಗಸ್ಟ್‌ವರೆಗೆ ದುಡ್ಡು ಕಟ್ಟಿ ಆಡುವ ಫ್ಯಾಂಟಸಿ ಆ್ಯಪ್‌ನ ಹೆಸರಿತ್ತು. ಕೇಂದ್ರದ ಹೊಸ ಕಾನೂನು ಬಂದ ಮೇಲೆ ಹೋಯಿತು. ವಾಟ್ಸಾಪ್ ಐಡಿಗಳು ಹೋಗಿಲ್ಲ. ಇದೆಲ್ಲ ಗೊತ್ತಿದ್ದೂ, ಆ 10 ತಿಂಗಳು ಅವನಿಗೆ ತಂಡದ ಜೊತೆ ಅಭ್ಯಾಸ ಮಾಡಲು ಅವಕಾಶವಿತ್ತು ಎನ್ನುವ ಸಣ್ಣ ಸಂಗತಿಗೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುತ್ತದೆ. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ. ಗುರುತಿಸಿ ಮಾತಾಡಿಸುವ ಇಪ್ಪತ್ತು ಜನ. ಶನಿವಾರ ಅವರು ಆಡುತ್ತಾರೆ, ಇವನು ಆಡುವುದಿಲ್ಲ, ಸೋಮವಾರ ಮತ್ತೆ ಒಟ್ಟಿಗೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಕಾಯಿ ಅಟ್ಟದ ಮೇಲೆ ಕೂತು ಕೊಬ್ಬರಿಯಾಗುವಷ್ಟು ಕಾಲ.

2024ರ ಆಗಸ್ಟ್ 28ರಂದು ನಾಟಿಂಗ್‌ಹ್ಯಾಮ್‌ನಲ್ಲಿ ಲೀಗ್ ಕಪ್ ಪಂದ್ಯದಲ್ಲಿ ಮತ್ತೆ ಆಡಿದ. ಹತ್ತು ದಿನದೊಳಗೆ ಪ್ಯಾರಿಸ್‌ನಲ್ಲಿ ಇಟಲಿಗಾಗಿ. ಫ್ರಾನ್ಸ್ ಮೊದಲ ನಿಮಿಷದಲ್ಲೇ ಗೋಲು ಹೊಡೆದಿತ್ತು. ಡಿಮಾರ್ಕೊ ಕೊಟ್ಟ ಚೆಂಡನ್ನು ಟೊನಾಲಿ ತಿರುಗಿ ನೋಡದೆ ಹಿಮ್ಮಡಿಯಿಂದ ಅವನಿಗೇ ವಾಪಸ್ ಕೊಟ್ಟ, ಡಿಮಾರ್ಕೊ ಗಾಳಿಯಲ್ಲೇ ಬಾರಿಸಿದ. ಇಟಲಿ 3-1ರಿಂದ ಗೆದ್ದಿತು. ಹತ್ತು ತಿಂಗಳು ಪಂದ್ಯವನ್ನೇ ಆಡದವನಿಗೆ ಹಿಮ್ಮಡಿಯಲ್ಲಿ ಅಷ್ಟು ನಂಬಿಕೆ ಎಲ್ಲಿಂದ ಬಂತು ಅಂತ ಇವತ್ತಿಗೂ ಆಶ್ಚರ್ಯ ನನಗೆ. ಆ ಚಳಿಗಾಲದಲ್ಲಿ ನ್ಯೂಕ್ಯಾಸಲ್‌ನ ಕೋಚ್ ಎಡ್ಡಿ ಹೌ ಅವನನ್ನು ರಕ್ಷಣೆಯ ಮುಂದಿನ ಜಾಗಕ್ಕೆ ತಂದು ನಿಲ್ಲಿಸಿದರು, ತಂಡದ ಆಟವೇ ಬದಲಾಯಿತು.

ಭಾನುವಾರ ರಾತ್ರಿ

2025ರ ಮಾರ್ಚ್ 16, ಭಾನುವಾರ. ಲೀಗ್ ಕಪ್ ಫೈನಲ್, ವೆಂಬ್ಲಿ, ಎದುರಿಗೆ ಲಿವರ್‌ಪೂಲ್. ನಮ್ಮಲ್ಲಿ ರಾತ್ರಿ ಹತ್ತಕ್ಕೆ. ತಮ್ಮನನ್ನು ಊಟಕ್ಕೆ ಕರೆದಿದ್ದೆ. ಈಗ ಆಗಾಗ ಬರುತ್ತಾನೆ. ಸ್ಮಾರ್ಟ್‌ಫೋನ್ ಬಿಟ್ಟು ಬಟನ್ ಫೋನ್ ಇಟ್ಟುಕೊಂಡಿದ್ದಾನೆ, ಸಂಬಳ ಚಿಕ್ಕಮ್ಮನ ಖಾತೆಗೆ ಹೋಗುತ್ತದೆ, ಇವೆರಡೂ ಆಸ್ಪತ್ರೆಯಲ್ಲಿ ಕೂತು ಅವನೇ ಒಪ್ಪಿಕೊಂಡದ್ದು. ಕ್ರಿಕೆಟ್ ನೋಡುವುದಿಲ್ಲ. ಐಪಿಎಲ್‌ಗೆ ಇನ್ನು ಆರು ದಿನ ಇತ್ತು, ಎಲ್ಲಿ ನೋಡಿದರೂ ಅದರದೇ ಜಾಹೀರಾತು. ಫುಟ್‌ಬಾಲ್ ಆದರೆ ಪರವಾಗಿಲ್ಲವಾ ಎಂದು ಕೇಳಿದೆ. 'ನೋಡಣ ಬಿಡಣ್ಣ, ನಂಗೆ ಅದರ ತಲೆಬುಡ ಗೊತ್ತಿಲ್ಲ' ಅಂದ.

ನ್ಯೂಕ್ಯಾಸಲ್ ದೇಶದೊಳಗಿನ ದೊಡ್ಡ ಕಪ್ ಗೆದ್ದು 70 ವರ್ಷವಾಗಿತ್ತು, 1955ರ ಎಫ್‌ಎ ಕಪ್ ಕೊನೆಯದು. ವಿರಾಮಕ್ಕೆ ಸ್ವಲ್ಪ ಮೊದಲು ಡ್ಯಾನ್ ಬರ್ನ್ ಕಾರ್ನರ್ ಚೆಂಡಿಗೆ ತಲೆ ಕೊಟ್ಟ, ಗೋಲು. ವಿರಾಮದಲ್ಲಿ ನಾನು ಟೊನಾಲಿಯ ಕಥೆ ಹೇಳಿದೆ. ಬೆಟ್ಟಿಂಗ್ ಅನ್ನುವ ಪದ ನಮ್ಮಿಬ್ಬರ ನಡುವೆ ಮನೆಯೊಳಗೆ ಬಂದದ್ದು ಅದೇ ಮೊದಲು. ಅವನು ತಟ್ಟೆಯ ಅಂಚನ್ನು ಬೆರಳಲ್ಲಿ ಒರೆಸುತ್ತಾ ಕೇಳಿಸಿಕೊಂಡ. ಎರಡನೇ ಅರ್ಧ ಶುರುವಾಯಿತು, ಇಸಾಕ್ ಎರಡನೇ ಗೋಲು ಹೊಡೆದ. ಚೆಂಡು ಎಲ್ಲಿದ್ದರೂ ತಮ್ಮನ ಕಣ್ಣು ಟೊನಾಲಿಯ ಮೇಲೆಯೇ ಇತ್ತು.

'ಈ 16 ಕಡೆ ಅಂದ್ಯಲ್ಲ, ಯಾರ ಮುಂದೆ ಅದು?'

'ಚಿಕ್ಕ ಹುಡುಗರ ಕ್ಲಬ್ಬುಗಳು, ಈ ಕಾಯಿಲೆಗೆ ಚಿಕಿತ್ಸೆ ಕೊಡೋ ಜಾಗಗಳು.'

'ಕೂತಿರೋರು ಬೈಯಲ್ವಾ?'

'ಕೇಳಿಸ್ಕೋತಾರೆ.'

ಲಿವರ್‌ಪೂಲ್‌ಗೆ ಕೊನೆಯಲ್ಲಿ ಕಿಯೆಸಾ ಒಂದು ಗೋಲು ಹೊಡೆದ. 2-1. ಸೀಟಿ ಊದಿದರು. ಕಪ್ಪುಬಿಳುಪಿನ ಅಂಗಿ ತೊಟ್ಟ ಮುದುಕರು ಅಳುತ್ತಿದ್ದರು. ನಾನು ಟಿವಿ ಸದ್ದು ಕಡಿಮೆ ಮಾಡಿದೆ. ತಮ್ಮ ಎದ್ದು ಕೈ ತೊಳೆದುಕೊಂಡು ಬಂದು, ಕುರ್ಚಿಯಲ್ಲಿ ಕೂರದೆ ಗೋಡೆಗೆ ಒರಗಿ ನೆಲದ ಮೇಲೆ ಕೂತ, ಊರಿನ ನಡುಮನೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದನಲ್ಲ, ಹಾಗೇ. ಈ ಸಲ ಮುಖ ನನ್ನ ಕಡೆಗಿತ್ತು.

'ಮೊದಲ ಸಲ ನಾನು ಗೆದ್ದಿದ್ದೆ ಕಣಣ್ಣ' ಅಂದ. 'ಇನ್ನೂರು ಕಟ್ಟಿದ್ದೆ, ನಾನೂರು ಬಂತು. ಅಮ್ಮಂಗೆ ಒಂದು ಬೆಡ್‌ಶೀಟ್ ತಗೊಂಡ್ಹೋಗಿ ಕೊಟ್ಟೆ. ಆ ಬೆಡ್‌ಶೀಟು ಈಗ್ಲೂ ಮನೇಲಿದೆ.'

ನಾನು ಟಿವಿ ಆರಿಸಿ ಅವನ ಪಕ್ಕದಲ್ಲಿ ಕೂತೆ. ಅವನು ಮುಂದುವರಿಸಿದ. ಮಾತು ಮುಗಿದಾಗ ಹಾಲಿನವನ ಗಾಡಿ ಬೀದಿಗೆ ಬಂದಿತ್ತು.